ಹಳೆ ಕಾರಿನ ಇಂಜಿನ್ ಕಾದರೆ: ಮೊದಲು ಮುಳ್ಳು ಯಾವಾಗ ಏರುತ್ತದೆ ನೋಡಿ

ವಿಜಯಪುರದಲ್ಲಿ ಏಪ್ರಿಲ್ ಬಂತೆಂದರೆ ಗ್ಯಾರೇಜುಗಳ ಮುಂದೆ ಬಾನೆಟ್ ಎತ್ತಿ ನಿಂತ ಕಾರುಗಳು ಜಾಸ್ತಿ ಆಗುತ್ತವೆ. ಮಾರುತಿ 800, ಓಮ್ನಿ, ಇಂಡಿಕಾ, ಸ್ಯಾಂಟ್ರೋ, ಸುಮೋ. "ಗಾಡಿ ಭಾಳ ಹೀಟ್ ಆಗಾಕತ್ತೈತ್ರಿ" ಅನ್ನುವುದು ಎಲ್ಲರ ದೂರು. "ಬಿಸಲಿಗಿ ಕಾಯ್ತೈತಿ ಬಿಡ್ರಿ, ನೀರ ಹಾಕ್ರಿ" ಅನ್ನುವುದು ಬಹಳ ಸಲ ಸಿಗುವ ಉತ್ತರ. ಈ ಉತ್ತರವನ್ನು ಒಪ್ಪಬೇಡಿ.

ಹೊರಗೆ 42 ಡಿಗ್ರಿ ಬಿಸಿಲಿದ್ದರೂ ಇಂಜಿನ್ನಿನ ನೀರು 90 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅದನ್ನು ತಂಪು ಮಾಡಲು 42 ಡಿಗ್ರಿಯ ಗಾಳಿ ಸಾಕು. ಸರಿಯಾಗಿರುವ ಕಾರು ಮೇ ತಿಂಗಳ ಮಧ್ಯಾಹ್ನ ಸೋಲಾಪುರ ರಸ್ತೆಯಲ್ಲಿ ಹೋದರೂ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ನಡುವಿನಲ್ಲೇ ನಿಲ್ಲುತ್ತದೆ. ಚಳಿಗಾಲದಲ್ಲಿ ಗೊತ್ತಾಗದೆ ಕೂತಿದ್ದ ದೋಷ ಬೇಸಿಗೆಯಲ್ಲಿ ಹೊರಗೆ ಬರುತ್ತದೆ, ಅಷ್ಟೇ. ಆ ದೋಷವನ್ನು ಹುಡುಕಲು ದುಬಾರಿ ಸಲಕರಣೆ ಬೇಡ. ಡ್ಯಾಶ್‌ಬೋರ್ಡಿನ ಮುಳ್ಳು ಯಾವ ಹೊತ್ತಿನಲ್ಲಿ ಏರುತ್ತದೆ ಎಂದು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ.

ರಸ್ತೆಯಲ್ಲೇ ಕಾದರೆ ಏನು ಮಾಡಬೇಕು

ಮುಳ್ಳು ನಡುವಿನಿಂದ ಮೇಲಕ್ಕೆ ಹೊರಟಿತು ಅನ್ನಿ. ಮೊದಲು ಎಸಿ ಆಫ್ ಮಾಡಿ. ಕಿಟಕಿ ಇಳಿಸಿ, ಹೀಟರ್ ಪೂರ್ತಿ ಹಚ್ಚಿ. ಬಿಸಿಲಿನಲ್ಲಿ ಹೀಟರಾ ಅಂತ ಅನ್ನಿಸಬಹುದು, ಆದರೆ ಹೀಟರ್ ಒಳಗಿರುವುದೂ ಒಂದು ಸಣ್ಣ ರೇಡಿಯೇಟರೇ, ಅಂದರೆ ಬಿಸಿನೀರನ್ನು ಗಾಳಿಯಿಂದ ತಂಪು ಮಾಡುವ ಭಾಗ. ಅದು ಇಂಜಿನ್ನಿನ ಬಿಸಿಯನ್ನು ಎಳೆದು ಹೊರಗೆ ಹಾಕುತ್ತದೆ. ಟ್ರಾಫಿಕ್ಕಿನಲ್ಲಿ ನಿಂತಿದ್ದರೆ ನ್ಯೂಟ್ರಲ್ ಮಾಡಿ ಆಕ್ಸಿಲರೇಟರ್ ಸ್ವಲ್ಪ ಒತ್ತಿ, ವಾಟರ್ ಪಂಪ್ ಜೋರಾಗಿ ತಿರುಗುತ್ತದೆ.

ಇಷ್ಟಾದರೂ ಇಳಿಯದೆ ಕೆಂಪು ಗೆರೆ ಮುಟ್ಟಿದರೆ, ಅಥವಾ ಬಾನೆಟ್ಟಿನಿಂದ ಆವಿ ಬಂದರೆ, ರಸ್ತೆ ಬದಿಗೆ ತಗೊಂಡು ಇಂಜಿನ್ ಬಂದ್ ಮಾಡಿ. "ಇನ್ನು ಎರಡು ಕಿಲೋಮೀಟರಿಗೆ ಊರು" ಎಂದು ಓಡಿಸಬೇಡಿ. ಮಾರುತಿ 800 ಥರದ ಕಾರುಗಳ ಸಿಲಿಂಡರ್ ಹೆಡ್, ಅಂದರೆ ಇಂಜಿನ್ನಿನ ಮೇಲಿನ ಭಾಗ, ಅಲ್ಯುಮಿನಿಯಂದು. ವಿಪರೀತ ಕಾದರೆ ಅದು ಸೊಟ್ಟಗಾಗುತ್ತದೆ, ಅದರ ಕೆಳಗಿನ ಸೀಲ್ ಆದ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಸಣ್ಣದೊಂದು ಹೋಸ್ ಪೈಪಿನಲ್ಲಿ ಮುಗಿಯಬೇಕಿದ್ದ ಖರ್ಚು ಇಂಜಿನ್ ಬಿಚ್ಚುವ ತನಕ ಹೋಗುತ್ತದೆ. ಹಳೆಯ ಅಂಬಾಸಿಡರಿನ ಎರಕದ ಕಬ್ಬಿಣದ ಇಂಜಿನ್ ಸ್ವಲ್ಪ ತಡೆದುಕೊಳ್ಳುತ್ತದೆ. ಆದರೂ ಅದನ್ನೂ ಪರೀಕ್ಷೆ ಮಾಡಲು ಹೋಗಬೇಡಿ.

ಒಂದು ವಿಷಯ ವಿಶೇಷವಾಗಿ ನೆನಪಿಡಿ. ಮೇಲೆ ಹೋಗಿದ್ದ ಮುಳ್ಳು ತಟ್ಟನೆ ಕೆಳಗೆ ಬಿದ್ದರೆ ಸಮಾಧಾನ ಪಡಬೇಡಿ. ನೀರೆಲ್ಲಾ ಸೋರಿ ಹೋದಾಗ ಸೆನ್ಸರಿಗೆ ಬಿಸಿನೀರು ತಾಗುವುದಿಲ್ಲ, ಮುಳ್ಳು ಸುಳ್ಳು ಹೇಳುತ್ತದೆ. ಇಂಜಿನ್ ಒಳಗೆ ಇನ್ನೂ ಕಾಯುತ್ತಲೇ ಇರುತ್ತದೆ.

ಇನ್ನು ಇಂಜಿನ್ ತಣ್ಣಗಾಗುವ ತನಕ ಕಾಯುವ ಮಾತು. ರೇಡಿಯೇಟರಿನ ಮುಚ್ಚಳವನ್ನು ಬಿಸಿ ಇರುವಾಗ ತೆರೆಯಲೇಬೇಡಿ. ಒಳಗಿನ ನೀರು 100 ಡಿಗ್ರಿ ದಾಟಿದ್ದರೂ ಒತ್ತಡದಿಂದಾಗಿ ಕುದಿಯದೆ ಕೂತಿರುತ್ತದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಹೋಗಿ ನೀರೆಲ್ಲಾ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕನಿಷ್ಠ 45 ನಿಮಿಷ, ನಮ್ಮ ಬೇಸಿಗೆಯಲ್ಲಿ ಒಂದು ಗಂಟೆ ಬಿಡಿ. ಆಮೇಲೆ ಮೇಲಿನ ದಪ್ಪ ಹೋಸ್ ಪೈಪನ್ನು ಬಟ್ಟೆ ಹಿಡಿದು ಹಿಚುಕಿ ನೋಡಿ. ಗಟ್ಟಿಯಾಗಿದ್ದರೆ ಒತ್ತಡ ಇನ್ನೂ ಇದೆ. ಮೆತ್ತಗಿದ್ದು, ಮುಟ್ಟಿದರೆ ಕೈ ಸುಡದಿದ್ದರೆ, ದಪ್ಪ ಟವೆಲ್ ಹಾಕಿ ಮುಚ್ಚಳವನ್ನು ಮೊದಲ ಹಂತಕ್ಕೆ ಮಾತ್ರ ತಿರುಗಿಸಿ. ಬುಸ್ ಎನ್ನುವ ಸದ್ದು ನಿಂತ ಮೇಲೆ ಒತ್ತಿ ಪೂರ್ತಿ ತೆಗೆಯಿರಿ. ಒಂದು ವೇಳೆ ಸುಟ್ಟರೆ ಆ ಜಾಗಕ್ಕೆ 20 ನಿಮಿಷ ತಣ್ಣೀರು ಹರಿಸಿ, ಆಸ್ಪತ್ರೆಗೆ ಹೋಗಿ. ಪೇಸ್ಟ್, ಇಂಕು ಹಚ್ಚಬೇಡಿ.

ಕಾದ ಇಂಜಿನ್ನಿನ ಮೇಲೆ ಬಕೆಟ್‌ಗಟ್ಟಲೆ ತಣ್ಣೀರು ಸುರಿಯುವುದನ್ನು ಹೆದ್ದಾರಿಯ ಬದಿಯಲ್ಲಿ ಈಗಲೂ ನೋಡುತ್ತೇವೆ. ಹಾಗೆ ಮಾಡಿದರೆ ಹೆಡ್ ಬಿರುಕು ಬಿಡಬಹುದು.

ಮುಳ್ಳು ಏರುವ ಹೊತ್ತು

ಮನೆಗೆ ಬಂದ ಮೇಲೆ ಒಂದು ಕಾಗದದಲ್ಲಿ ಬರೆದುಕೊಳ್ಳಿ: ಗಾಡಿ ಯಾವಾಗ ಕಾಯಿತು? ನಿಂತಾಗಲೋ, ಓಡುವಾಗಲೋ, ಸ್ಟಾರ್ಟ್ ಮಾಡಿದ ಐದೇ ನಿಮಿಷಕ್ಕೋ?

ಗಾಂಧಿ ಚೌಕದ ಟ್ರಾಫಿಕ್ಕಿನಲ್ಲಿ ನಿಂತಾಗ ಏರಿ, ಊರು ದಾಟಿ 60ರ ವೇಗಕ್ಕೆ ಬಂದ ಕೂಡಲೇ ಇಳಿದರೆ ಫ್ಯಾನಿನ ಮೇಲೆ ಅನುಮಾನ ಪಡಿ. ಓಡುವಾಗ ಬರುವ ಗಾಳಿ ಫ್ಯಾನಿನ ಕೆಲಸ ಮಾಡಿಕೊಡುತ್ತದೆ, ನಿಂತಾಗ ಮಾಡುವವರಿಲ್ಲ. ಇದಕ್ಕೆ ಉಲ್ಟಾ, ಊರಲ್ಲಿ ಚೆನ್ನಾಗಿದ್ದು ಹೆದ್ದಾರಿಯಲ್ಲಿ 80ರ ಮೇಲೆ ಹೋದಾಗ ಅಥವಾ ಬೆಳಗಾವಿ ಹತ್ತಿರದ ವಂಟಮೂರಿ ಘಾಟ್ ಹತ್ತುವಾಗ ಏರಿದರೆ ನೀರು ಸಾಕಷ್ಟು ಹರಿಯುತ್ತಿಲ್ಲ. ರೇಡಿಯೇಟರ್ ಒಳಗೆ ಕಟ್ಟಿದೆ, ಪಂಪ್ ಸೋತಿದೆ, ಇಲ್ಲಾ ಕೆಳಗಿನ ಹೋಸ್ ಪೈಪ್ ಹಳತಾಗಿ ಎಳೆತಕ್ಕೆ ಚಪ್ಪಟೆಯಾಗುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಕ್ಕೆ ಏರಿದರೆ ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲೆ ರೇಡಿಯೇಟರಿನ ದಾರಿ ಬಿಡುವ ವಾಲ್ವ್) ತೆರೆಯುತ್ತಿಲ್ಲ, ಒಳಗೆ ಗಾಳಿ ಸಿಕ್ಕಿಕೊಂಡಿದೆ, ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿದೆ. ಮುಳ್ಳು ಏರುವುದಕ್ಕೂ ಬ್ಯಾಟರಿಯ ಕೆಂಪು ದೀಪ ಹತ್ತುವುದಕ್ಕೂ ಒಂದೇ ಹೊತ್ತಾದರೆ ಬೆಲ್ಟ್ ಕಡಿದಿರುತ್ತದೆ. ಬಹಳಷ್ಟು ಹಳೆಯ ಕಾರುಗಳಲ್ಲಿ ಆಲ್ಟರ್ನೇಟರನ್ನೂ ವಾಟರ್ ಪಂಪನ್ನೂ ತಿರುಗಿಸುವುದು ಒಂದೇ ಬೆಲ್ಟ್.

ಈ ಮಾಹಿತಿಯನ್ನು ಮೆಕ್ಯಾನಿಕ್‌ಗೆ ಹೇಳಿದರೆ ಅವರ ಕೆಲಸವೂ ಹಗುರ. "ಹೀಟ್ ಆಗ್ತದೆ" ಎಂದಷ್ಟೇ ಹೇಳಿದರೆ ಒಂದೊಂದೇ ಭಾಗ ಬದಲಿಸುತ್ತಾ ಹೋಗುವುದು ಬಿಟ್ಟು ಅವರಿಗೂ ಬೇರೆ ದಾರಿ ಇರುವುದಿಲ್ಲ.

ಮುಚ್ಚಳದಿಂದ ಶುರು ಮಾಡಿ

ಎಲ್ಲಕ್ಕಿಂತ ಅಗ್ಗದ ಭಾಗ ರೇಡಿಯೇಟರಿನ ಮುಚ್ಚಳ. ಯಾರೂ ಅದನ್ನು ನೋಡುವುದಿಲ್ಲ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳದ ಮೇಲೆ 0.9 ಎಂದು ಬರೆದಿದ್ದರೆ ಅದು 0.9 ಬಾರ್ ಒತ್ತಡವನ್ನು ಹಿಡಿದಿಡುತ್ತದೆ. ಆಗ ಬರೀ ನೀರು ಕೂಡ 118 ಡಿಗ್ರಿ ಹತ್ತಿರ ಹೋಗುವ ತನಕ ಕುದಿಯುವುದಿಲ್ಲ. ಅಂದರೆ ಮುಚ್ಚಳದ ರಬ್ಬರ್ ಸವೆದರೆ ನೀವು 20 ಡಿಗ್ರಿಯ ಆಸರೆ ಕಳೆದುಕೊಂಡಂತೆ. ಉಳಿದದ್ದೆಲ್ಲಾ ಸರಿ ಇದ್ದರೂ ಗಾಡಿ ಕುದಿಯುತ್ತದೆ.

ರಬ್ಬರ್ ಒಡೆದಿದೆಯಾ, ಸ್ಪ್ರಿಂಗ್ ತುಕ್ಕು ಹಿಡಿದಿದೆಯಾ ನೋಡಿ. ಇನ್ನೆರಡು ಗುರುತುಗಳಿವೆ. ಇಂಜಿನ್ ಆರಿದ ಮೇಲೆ ಪಕ್ಕದ ಪ್ಲಾಸ್ಟಿಕ್ ಬಾಟಲಿ ತುಂಬಿದ್ದು ರೇಡಿಯೇಟರ್ ಮಾತ್ರ ಖಾಲಿ ಇದ್ದರೆ, ನೀರು ಹಿಂದಕ್ಕೆ ಎಳೆದುಕೊಳ್ಳುತ್ತಿಲ್ಲ. ಮುಚ್ಚಳ ಕೆಟ್ಟಿದೆ, ಇಲ್ಲವೇ ಬಾಟಲಿಗೆ ಹೋಗುವ ಸಣ್ಣ ಪೈಪ್ ತೂತಾಗಿದೆ. ತಣ್ಣಗಾದ ಮೇಲೆ ಮೇಲಿನ ಹೋಸ್ ಪೈಪ್ ಒಳಕ್ಕೆ ಚಪ್ಪಟೆಯಾಗಿ ಕೂತಿದ್ದರೂ ಮುಚ್ಚಳದ ಒಳಗಿನ ಸಣ್ಣ ವಾಲ್ವ್ ಅಂಟಿಕೊಂಡಿರುತ್ತದೆ. ಹೊಸ ಮುಚ್ಚಳ ತರುವಾಗ ಹಳೆಯದರ ಮೇಲಿನ ಅಂಕಿಯನ್ನೇ ಕೇಳಿ. 0.9 ಇದ್ದ ಜಾಗಕ್ಕೆ ಹೆಚ್ಚಿನ ಒತ್ತಡದ್ದು ಹಾಕಿದರೆ ಹಳೆಯ ಪೈಪುಗಳು ಬಿರಿಯುತ್ತವೆ.

ನಮ್ಮ ಭಾಗದ ನೀರು

ಈಗ ನನಗೆ ಅತಿ ಮುಖ್ಯ ಅನ್ನಿಸುವ ಮಾತು. ವಿಜಯಪುರ, ಬಾಗಲಕೋಟೆ ಭಾಗದ ಬೋರ್‌ವೆಲ್ ನೀರು ಬಹಳ ಕಡೆ ಸವಳು, ಗಡಸು. ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಲ್ವಾ? ಅದೇ ನೀರನ್ನು ರೇಡಿಯೇಟರಿಗೆ ಹಾಕಿದರೆ ಅದೇ ಪದರ ಅದರ ಸಣ್ಣ ಕೊಳವೆಗಳ ಒಳಗೂ ಇಂಜಿನ್ ಬ್ಲಾಕಿನ ಒಳಗೂ ಕಟ್ಟುತ್ತದೆ. ಕೊಳವೆ ಕಿರಿದಾಗುತ್ತದೆ, ಬಿಸಿ ಲೋಹದಿಂದ ನೀರಿಗೆ ದಾಟುವುದಿಲ್ಲ. ಜೊತೆಗೆ ಉಪ್ಪು ಅಲ್ಯುಮಿನಿಯಂ ಅನ್ನು ತಿನ್ನುತ್ತದೆ. ನಮ್ಮಲ್ಲಿ ಹಳೆ ಕಾರು ಕಾಯಲು ದೊಡ್ಡ ಕಾರಣ ಇದೇ ಎಂದು ನಾನು ನಂಬುತ್ತೇನೆ. ಹೊಲದ ಬೋರಿನಿಂದ ಒಂದು ಕೊಡ ತಂದು ಸುರಿಯುವ ರೂಢಿ ಬಿಡಬೇಕು.

ಹಾಕಬೇಕಾದ್ದು ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್, ಅಂದರೆ ಬ್ಯಾಟರಿಗೆ ಹಾಕುವ ನೀರು. ಬ್ಯಾಟರಿ ಅಂಗಡಿಯಲ್ಲಿ ಕ್ಯಾನ್ ಸಿಗುತ್ತದೆ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ನೀರು ಹೆಪ್ಪುಗಟ್ಟದಂತೆ ತಡೆಯುವ ಕೂಲಂಟ್ ಯಾಕೆ ಎಂದು ಕೇಳುವವರಿದ್ದಾರೆ. ಕೂಲಂಟ್ ನೀರಿನ ಕುದಿಯುವ ಮಟ್ಟವನ್ನೂ ಏರಿಸುತ್ತದೆ, ಒಳಗೆ ತುಕ್ಕು ಹಿಡಿಯದಂತೆಯೂ ತಡೆಯುತ್ತದೆ. ಹಾಗಂತ ಬರೀ ಕೂಲಂಟ್ ತುಂಬಬೇಡಿ. ಬಿಸಿಯನ್ನು ಹೊತ್ತೊಯ್ಯುವುದರಲ್ಲಿ ನೀರೇ ಮೇಲು. ನೀರು ಬೆರೆಸದ ಗಟ್ಟಿ ಕೂಲಂಟ್ ಆದರೆ ಮೂರನೇ ಒಂದು ಭಾಗದಿಂದ ಅರ್ಧದವರೆಗೆ, ಅದಕ್ಕಿಂತ ಜಾಸ್ತಿ ಬೇಡ. ಡಬ್ಬಿಯ ಮೇಲೆ ನೇರವಾಗಿ ಹಾಕುವಂಥದ್ದು ಎಂದಿದ್ದರೆ ನೀರು ಬೆರೆಸಬೇಡಿ. ಹಸಿರು, ಕೆಂಪು, ನೀಲಿ ಬಣ್ಣ ನೋಡಿ ಕೊಳ್ಳಬೇಡಿ. ಬಣ್ಣಕ್ಕೆ ಒಂದೇ ನಿಯಮವಿಲ್ಲ, ಕಂಪನಿಗೊಂದು ಥರ ಇರುತ್ತದೆ. ಎರಡು ಬಗೆ ಕಲಸಿದರೆ ಕೆಲವು ಸಲ ಲೋಳೆ ಕಟ್ಟುತ್ತದೆ.

ದಾರಿಯಲ್ಲಿ ಬೇರೆ ಏನೂ ಸಿಗದಿದ್ದರೆ? ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಆ ನೀರಿನಲ್ಲಿ ಲವಣ ಕಡಿಮೆ, ಬೋರಿನ ನೀರಿಗಿಂತ ಎಷ್ಟೋ ಮೇಲು. ಊರು ಮುಟ್ಟಿದ ಮೇಲೆ ಬದಲಿಸಿದರಾಯಿತು.

ಸೋರಿಕೆ ನಿಲ್ಲಿಸಲು ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ಹಳೆಯ ಡ್ರೈವರುಗಳ ಉಪಾಯ ನಿಮಗೂ ಗೊತ್ತಿರಬಹುದು. ರಾತ್ರಿ ಹೊತ್ತು ನಡುದಾರಿಯಲ್ಲಿ ಮನೆ ಮುಟ್ಟಲು ಅದು ನೆರವಾಗುವುದುಂಟು. ಆದರೆ ಆ ಪುಡಿ ತೂತನ್ನು ಮಾತ್ರ ಆರಿಸಿ ಮುಚ್ಚುವುದಿಲ್ಲ, ಕೊಳವೆಗಳಲ್ಲೂ ಹೀಟರಿನಲ್ಲೂ ಕೂರುತ್ತದೆ. ಹಾಕಿದ್ದರೆ ಮರುದಿನವೇ ತೊಳೆಸಿ.

ಸೋರಿಕೆ ಹುಡುಕುವುದು

ಮುಚ್ಚಿದ ವ್ಯವಸ್ಥೆಯಲ್ಲಿ ನೀರು ಸುಮ್ನೆ ಕಡಿಮೆ ಆಗುವುದಿಲ್ಲ. ವಾರಕ್ಕೊಮ್ಮೆ ನೀರು ಹಾಕಬೇಕಾಗಿ ಬಂದರೆ ಅದು ಎಲ್ಲೋ ಹೋಗುತ್ತಿದೆ. ರಾತ್ರಿ ಗಾಡಿಯ ಕೆಳಗೆ ದೊಡ್ಡ ರಟ್ಟು ಹಾಸಿ, ಬೆಳಿಗ್ಗೆ ಕಲೆ ಎಲ್ಲಿದೆ ನೋಡಿ. ಎಸಿಯಿಂದ ತೊಟ್ಟಿಕ್ಕುವ ನೀರು ಬಣ್ಣವಿಲ್ಲದ ಬರೀ ನೀರು, ಅದಕ್ಕೆ ಗಾಬರಿ ಬೇಡ. ಕೂಲಂಟ್ ಆದರೆ ಬಣ್ಣ ಇರುತ್ತದೆ, ಮುಟ್ಟಿದರೆ ಜಾರುತ್ತದೆ, ಸಿಹಿ ವಾಸನೆ ಬರುತ್ತದೆ.

ಹೋಸ್ ಪೈಪುಗಳ ತುದಿ, ಕ್ಲಿಪ್, ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿ ಮತ್ತು ಅಲ್ಯುಮಿನಿಯಂ ಸೇರುವ ಅಂಚು, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಇಷ್ಟನ್ನೂ ಟಾರ್ಚ್ ಹಿಡಿದು ನೋಡಿ. ಒಣಗಿದ ಬಿಳಿ ಅಥವಾ ಹಸಿರು ಗೆರೆ ಕಂಡರೆ ಅಲ್ಲೇ ಸೋರಿಕೆ. ಪಂಪಿನ ತೂತಿನಿಂದ ನೀರು ಬರುತ್ತಿದ್ದರೆ ಒಳಗಿನ ಸೀಲ್ ಹೋಗಿದೆ, ಪಂಪ್ ಬದಲಿಸಬೇಕು. ಆ ತೂತನ್ನು ಎಂಸೀಲ್ ಹಚ್ಚಿ ಮುಚ್ಚಬೇಡಿ, ನೀರು ಬೇರಿಂಗಿಗೆ ಇಳಿಯುತ್ತದೆ. ಎಡಬದಿಯ ಸೀಟಿನವರ ಕಾಲ ಕೆಳಗಿನ ಮ್ಯಾಟ್ ಒದ್ದೆಯಾಗಿ ಗಾಜಿನ ಮೇಲೆ ಜಿಡ್ಡು ಮಂಜು ಕಟ್ಟಿದರೆ ಹೀಟರ್ ಸೋರುತ್ತಿದೆ.

ಗ್ಯಾಸ್ ಕಿಟ್ ಹಾಕಿಸಿದ ಓಮ್ನಿ, 800 ಇರುವವರು ಇನ್ನೊಂದು ಕಡೆ ನೋಡಬೇಕು. ಎಲ್‌ಪಿಜಿ ಆವಿಯಾಗಲು ಬಿಸಿ ಬೇಕು. ಅದಕ್ಕಾಗಿ ಇಂಜಿನ್ನಿನ ಬಿಸಿನೀರನ್ನು ಸಣ್ಣ ಪೈಪುಗಳಲ್ಲಿ ವೇಪರೈಸರಿಗೆ ತಂದಿರುತ್ತಾರೆ. ಆ ಪೈಪುಗಳ ಕ್ಲಿಪ್ಪುಗಳೇ ಸೋರಿಕೆಯ ಜಾಗ. ಗಾಡಿ ಪೆಟ್ರೋಲಿನಲ್ಲಿ ಸರಿಯಾಗಿ ಓಡಿ ಗ್ಯಾಸಿನಲ್ಲಿ ಮಾತ್ರ ಜಗ್ಗುತ್ತಿದ್ದು, ವೇಪರೈಸರ್ ಮುಟ್ಟಿದರೆ ಐಸಿನಂತೆ ತಣ್ಣಗಿದ್ದರೆ, ಅಲ್ಲಿಗೆ ನೀರು ಬರುತ್ತಿಲ್ಲ. ಮುಳ್ಳು ಏರುವ ಮೊದಲೇ ಸಿಗುವ ಸುಳಿವು ಇದು.

ಧೂಳು, ಹೊಟ್ಟು, ರವದಿ ಮತ್ತು ಫ್ಯಾನ್

ಸುಗ್ಗಿಯಲ್ಲಿ ರಸ್ತೆಯ ಮೇಲೇ ಬೆಳೆ ಹಾಸಿರುತ್ತಾರೆ. ಅದರ ಮೇಲೆ ಗಾಡಿ ಹಾಯಿಸಿದಾಗ ಹೊಟ್ಟು ಎದ್ದು ರೇಡಿಯೇಟರಿಗೆ ಹೋಗುತ್ತದೆ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಹೋದರೆ ರವದಿ (ಕಬ್ಬಿನ ಒಣ ಎಲೆ) ಹಾರಿ ಬರುತ್ತದೆ. ಇದರ ಮೇಲೆ ಎರೆ ಮಣ್ಣಿನ ಧೂಳು ಕೂತರೆ ಗಟ್ಟಿ ಪರದೆಯಾಗುತ್ತದೆ. ಎಸಿ ಇರುವ ಕಾರಿನಲ್ಲಿ ಎಸಿಯ ಕಂಡೆನ್ಸರ್ ಮುಂದೆ, ರೇಡಿಯೇಟರ್ ಹಿಂದೆ. ಕಸ ಸೇರುವುದು ಇವೆರಡರ ನಡುವಿನ ಸಂದಿಯಲ್ಲಿ. ಮುಂದಿನಿಂದ ನೋಡಿದರೆ ಎಲ್ಲಾ ಚೊಕ್ಕ ಕಾಣುತ್ತದೆ.

ಇಂಜಿನ್ ತಣ್ಣಗಿರುವಾಗ ಸಾಮಾನ್ಯ ಪೈಪಿನಿಂದ, ಇಂಜಿನ್ ಕಡೆಯಿಂದ ಹೊರಗಿನ ಕಡೆಗೆ ನೀರು ಬಿಡಿ. ಕಸ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ವಾಷಿಂಗ್ ಸೆಂಟರಿನ ಜೋರು ನೀರನ್ನು ಹತ್ತಿರದಿಂದ ಹೊಡೆಸಬೇಡಿ, ತೆಳ್ಳಗಿನ ರೆಕ್ಕೆಗಳು ಮಡಚಿ ಗಾಳಿಯ ದಾರಿ ಮುಚ್ಚುತ್ತದೆ. ಮುಂದೆ ಹಾಕಿಸಿದ ದಪ್ಪ ಗಾರ್ಡ್, ದೊಡ್ಡ ದೀಪಗಳೂ ಗಾಳಿ ತಡೆಯುತ್ತವೆ.

ಫ್ಯಾನ್ ನೋಡುವಾಗ ಹುಷಾರು. ಕರೆಂಟಿನ ಫ್ಯಾನ್ ಯಾವ ಸೂಚನೆಯೂ ಇಲ್ಲದೆ ತಿರುಗಲು ಶುರು ಮಾಡುತ್ತದೆ. ಕೆಲವು ಕಾರುಗಳಲ್ಲಿ ಇಂಜಿನ್ ಬಂದ್ ಇದ್ದರೂ ತಿರುಗುತ್ತದೆ. ಹೆಗಲ ಮೇಲಿನ ಟವೆಲ್, ಸೆರಗು, ಧೋತರದ ತುದಿ ಹತ್ತಿರ ಬರಬಾರದು. ಗಾಡಿ ನಿಂತಲ್ಲೇ ಓಡಲಿ. ಮುಳ್ಳು ನಡು ದಾಟುವ ಹೊತ್ತಿಗೆ ಫ್ಯಾನ್ ಹತ್ತಬೇಕು, ಎರಡು ಮೂರು ನಿಮಿಷದಲ್ಲಿ ಆರಬೇಕು. ಹತ್ತದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ ನೋಡಿ. ಕಾರ್ಬ್ಯುರೇಟರ್ ಕಾಲದ ಕಾರಾದರೆ ರೇಡಿಯೇಟರಿನ ಫ್ಯಾನ್ ಸ್ವಿಚ್ಚಿನ ಎರಡು ವೈರ್ ಬಿಚ್ಚಿ ಒಂದಕ್ಕೊಂದು ಜೋಡಿಸಿ. ಫ್ಯಾನ್ ತಿರುಗಿದರೆ ಸ್ವಿಚ್ ಕೆಟ್ಟಿದೆ, ತಿರುಗದಿದ್ದರೆ ಮೋಟಾರ್ ಅಥವಾ ವೈರಿಂಗ್. ಹೊಸ ಕಾರುಗಳಲ್ಲಿ ಹೀಗೆ ಮಾಡಬೇಡಿ.

ಫ್ಯಾನ್ ತಿರುಗುತ್ತಿದ್ದರೂ ಒಂದು ಹಾಳೆಯನ್ನು ಗ್ರಿಲ್ ಮುಂದೆ ಹಿಡಿಯಿರಿ. ಹಾಳೆ ಒಳಕ್ಕೆ ಎಳೆದುಕೊಂಡು ಅಂಟಬೇಕು. ಹೊರಕ್ಕೆ ಹಾರಿದರೆ ಯಾರೋ ವೈರಿಂಗ್ ಮಾಡುವಾಗ ಮೋಟಾರಿಗೆ ಉಲ್ಟಾ ಕರೆಂಟ್ ಕೊಟ್ಟಿದ್ದಾರೆ.

ಥರ್ಮೋಸ್ಟಾಟ್ ತೆಗೆಸಬೇಡಿ

"ನಮ್ಮ ಬಿಸಲಿಗಿ ಥರ್ಮೋಸ್ಟಾಟ್ ಯಾಕ್ರಿ, ತಗದ ಬಿಡೋಣ" ಎಂಬ ಮಾತಿಗೆ ಮರುಳಾಗಬೇಡಿ. ಇಂಜಿನ್ ಸರಿಯಾದ ಬಿಸಿಗೆ ಬಾರದಿದ್ದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸವೆತ ಹೆಚ್ಚುತ್ತದೆ. ಕೆಲವು ಇಂಜಿನ್ನುಗಳಲ್ಲಿ ಅದನ್ನು ತೆಗೆದರೆ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ ಇನ್ನೂ ಕಾಯುತ್ತದೆ.

ಪರೀಕ್ಷೆ ಸುಲಭ. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಪೈಪ್ ಮುಟ್ಟುತ್ತಿರಿ. ಮೊದಲು ತಣ್ಣಗಿದ್ದು, ಮುಳ್ಳು ನಡುವಿಗೆ ಬರುವಾಗ ಒಮ್ಮೆಲೇ ಬಿಸಿಯಾಗಬೇಕು. ಮುಳ್ಳು ನಡು ದಾಟಿದರೂ ಪೈಪ್ ತಣ್ಣಗೇ ಇದ್ದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕೂತಿದೆ. ಬಿಚ್ಚಿ ತೆಗೆದರೆ ಅದರ ಮೇಲೆ 82 ಅಥವಾ 88 ಥರದ ಅಂಕಿ ಇರುತ್ತದೆ. ಅದು ತೆರೆಯಲು ಶುರುವಾಗುವ ಡಿಗ್ರಿ. ಹಳೆಯ ಡಬ್ಬಿಯಲ್ಲಿ ನೀರು ಕಾಯಿಸಿ ಅದರಲ್ಲಿ ಬಿಟ್ಟರೆ ಕುದಿಯುವ ಮೊದಲೇ ಬಾಯಿ ತೆರೆಯಬೇಕು.

ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಒಂದು ಸೆಂಟಿಮೀಟರ್ ಬಗ್ಗಬೇಕು. ಇದಕ್ಕಿಂತ ಬಹಳ ಸಡಿಲ ಇದ್ದರೆ ಬಿಗಿ ಮಾಡಿಸಿ, ಬಿರುಕಿದ್ದರೆ ಬದಲಿಸಿ.

ಹೆಡ್ ಗ್ಯಾಸ್ಕೆಟ್ ಹೋಗಿದೆಯಾ?

ಎಲ್ಲರೂ ಹೆದರುವ ಮಾತಿದು. ಆದರೆ ಪುರಾವೆ ನೋಡದೆ ಹೆಡ್ ಬಿಚ್ಚಲು ಒಪ್ಪಬೇಡಿ. ತಣ್ಣಗಿನ ಇಂಜಿನ್ನಿನಲ್ಲಿ ಮುಚ್ಚಳ ತೆಗೆದು ನೀರು ಕಂಠಮಟ್ಟ ತುಂಬಿ ಸ್ಟಾರ್ಟ್ ಮಾಡಿ. ಮೊದಲು ಒಂದಿಷ್ಟು ಗುಳ್ಳೆ ಬಂದು ನಿಲ್ಲುವುದು ಸಹಜ. ನಿಲ್ಲದೆ ಗುಳ್ಳೆ ಬರುತ್ತಲೇ ಇದ್ದರೆ ಸಿಲಿಂಡರಿನ ಹೊಗೆ ನೀರಿಗೆ ಸೇರುತ್ತಿದೆ. ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ, ನೀರು ಬಿಸಿಯಾಗುವ ಮೊದಲೇ, ಹೋಸ್ ಪೈಪ್ ಕಲ್ಲಿನಂತೆ ಗಟ್ಟಿಯಾಗುವುದು ಇನ್ನೊಂದು ಗುರುತು. ಆಯಿಲ್ ಕಡ್ಡಿ ತೆಗೆದರೆ ಎಣ್ಣೆ ಹಾಲು ಚಹಾದ ಬಣ್ಣಕ್ಕೆ ತಿರುಗಿದ್ದರೆ, ಸೈಲೆನ್ಸರಿನಿಂದ ಇಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದ್ದರೆ, ಗಾಡಿ ಓಡಿಸಬೇಡಿ, ಎಳೆಸಿಕೊಂಡು ಹೋಗಿ. ಗ್ಯಾಸ್ಕೆಟ್ ಬದಲಿಸುವಾಗ ಹೆಡ್ ಸಮತಟ್ಟಾಗಿದೆಯಾ ಎಂದು ಲೇತ್ ಅಂಗಡಿಯಲ್ಲಿ ನೋಡಿಸಿ, ಬೇಕಾದರೆ ಫೇಸಿಂಗ್ ಮಾಡಿಸಿ, ಅಂದರೆ ತೆಳ್ಳಗೆ ಹೆರೆದು ಸಮತಟ್ಟು ಮಾಡಿಸಿ. ಅದನ್ನು ಬಿಟ್ಟು ಬರೀ ಗ್ಯಾಸ್ಕೆಟ್ ಹಾಕಿದರೆ ಮತ್ತೆ ಹೋಗುತ್ತದೆ.

ತೊಳೆದು ತುಂಬುವುದು

ತಣ್ಣಗಿರುವಾಗ ಕೆಳಗಿನ ಡ್ರೇನ್ ಪ್ಲಗ್ ಅಥವಾ ಕೆಳಗಿನ ಹೋಸ್ ಬಿಚ್ಚಿ ಹಳೆಯ ನೀರು ಬಸಿಯಿರಿ. ತುಕ್ಕಿನ ಬಣ್ಣವಿದ್ದರೆ ಒಳ್ಳೆಯ ನೀರು ತುಂಬಿ, ಹೀಟರ್ ಹಚ್ಚಿ, ಇಂಜಿನ್ ಬಿಸಿ ಮಾಡಿ, ಆರಿಸಿ, ಮತ್ತೆ ಬಸಿಯಿರಿ. ತಿಳಿ ಬರುವ ತನಕ ಹೀಗೆ ಮಾಡಿ. ತಾಮ್ರ-ಹಿತ್ತಾಳೆಯ ಹಳೆ ರೇಡಿಯೇಟರ್ ಕಟ್ಟಿದ್ದರೆ ರೇಡಿಯೇಟರ್ ಅಂಗಡಿಯವರು ತೊಟ್ಟಿ ಬಿಚ್ಚಿ ಕೊಳವೆಗಳಿಗೆ ಸರಳು ಹಾಯಿಸಿ ಬೆಸುಗೆ ಹಾಕಿ ಕೊಡುತ್ತಾರೆ. ಪ್ಲಾಸ್ಟಿಕ್ ತೊಟ್ಟಿಯ ಅಲ್ಯುಮಿನಿಯಂ ರೇಡಿಯೇಟರಿಗೆ ಈ ರಿಪೇರಿ ಬಾಳುವುದಿಲ್ಲ, ಹೊಸದನ್ನೇ ಹಾಕಿಸಿ.

ಬಸಿದ ಕೂಲಂಟನ್ನು ಅಂಗಳಕ್ಕೋ ಗಟಾರಕ್ಕೋ ಚೆಲ್ಲಬೇಡಿ. ಅದು ರುಚಿಗೆ ಸಿಹಿ, ಆದರೆ ವಿಷ. ನಾಯಿ, ಕರು ನೆಕ್ಕಿದರೆ ಸಾಯಬಹುದು. ಮಕ್ಕಳ ಕೈಗೂ ಸಿಗಬಾರದು. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ತುಂಬುವಾಗ ಗಾಡಿಯ ಮೂತಿ ಸ್ವಲ್ಪ ಎತ್ತರದಲ್ಲಿರಲಿ, ಗಾಳಿ ಹೊರಬರಲು ಅನುಕೂಲ. ಹೀಟರ್ ಹಚ್ಚಿ, ಮುಚ್ಚಳ ತೆಗೆದಿಟ್ಟು, ನಿಧಾನವಾಗಿ ಸುರಿಯಿರಿ. ಇಂಜಿನ್ ಓಡಲಿ. ಥರ್ಮೋಸ್ಟಾಟ್ ತೆರೆದಾಗ ಮಟ್ಟ ಒಮ್ಮೆಲೇ ಇಳಿಯುತ್ತದೆ, ಆಗ ಮತ್ತೆ ತುಂಬಿ ಮುಚ್ಚಿ. ಕೆಲವು ಕಾರುಗಳಲ್ಲಿ ಗಾಳಿ ಬಿಡಲು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಸಡಿಲಿಸಿ, ಗುಳ್ಳೆ ನಿಂತು ಬರೀ ನೀರು ಬಂದ ಮೇಲೆ ಬಿಗಿ ಮಾಡಿ.

ಆಮೇಲೆ ಊರ ಹೊರಗಿನ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ. ಬಂದು ಎಸಿ ಹಚ್ಚಿ ನಿಂತಲ್ಲೇ ಹತ್ತು ನಿಮಿಷ ಬಿಡಿ. ಮುಳ್ಳು ಅಲುಗದಿದ್ದರೆ ಮರುದಿನ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಮಟ್ಟ ನೋಡಿ, ಬಾಟಲಿಯ ಮೇಲೆ ಮಾರ್ಕರಿನಿಂದ ಗೆರೆ ಹಾಕಿ. ಒಂದು ವಾರ ಆ ಗೆರೆ ನಿಂತರೆ ಗೋವಾ ದಾರಿಯ ಚೋರ್ಲಾ ಘಾಟಿಗೂ ತಗೊಂಡು ಹೋಗಬಹುದು. ಇಳಿಯುತ್ತಿದ್ದರೆ ಮತ್ತೆ ರಟ್ಟು ಹಾಸಿ, ಸೋರಿಕೆ ಹುಡುಕುವುದರಿಂದ ಶುರು ಮಾಡಿ.